ಸಂಪಾದಕರ ಉತ್ತರ: ಹಸಿರು ದ್ರವದಲ್ಲಿ ಚಿನ್ನ ಎಲ್ಲಿ ಹೋಯಿತು?

ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇ-ತ್ಯಾಜ್ಯದ ಬಗ್ಗೆ ನಾವು ಪ್ರಕಟಿಸಿದ ಲೇಖನದಲ್ಲಿ ‘ಅಪಾಯ, ಅಪಾಯ’ ಎಂಬುದು ಬಿಟ್ಟರೆ ಕೆಲಸದ ವಿವರವೇ ಇರಲಿಲ್ಲ ಎಂದು ಬೇಸರಪಟ್ಟಿದ್ದೀರಿ. ನೀವು 20 ಕಿಲೋ ಹಳೆಯ ಸರ್ಕ್ಯೂಟ್ ಬೋರ್ಡ್ ಕೂಡಿಟ್ಟಿದ್ದೀರಿ. ಚಿನ್ನ ತೆಗೆಯಲೆಂದು ಅದರಲ್ಲಿ ಒಂದಿಷ್ಟನ್ನು ತುಂಡು ಮಾಡಿ ನೇರವಾಗಿ ಅಕ್ವಾ ರೀಜಿಯಾಕ್ಕೆ, ಅಂದರೆ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣಕ್ಕೆ, ಹಾಕಿದ್ದೀರಿ. ದ್ರವ ಕಡು ಹಸಿರಾಯಿತು. ಕರಗಿದ ಚಿನ್ನವನ್ನು ಪುಡಿಯಾಗಿ ಇಳಿಸುವ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೂ ಕಂದು ಪುಡಿ ಇಳಿಯಲಿಲ್ಲ. ತುಂಡುಗಳ ಅಂಚಿನಲ್ಲಿ ತಾಮ್ರ ಇನ್ನೂ ಉಳಿದಿದೆ, ಎಲ್ಲವನ್ನೂ ತುಂಬಿಟ್ಟ ಕ್ಯಾನು ಮೂರು ತಿಂಗಳಿಂದ ಮೂಲೆಯಲ್ಲಿದೆ. ‘ನನ್ನ ಚಿನ್ನ ಎಲ್ಲಿ ಹೋಯಿತು? ಸೈನೈಡ್ ಬಳಸಿದ್ದರೆ ಸಿಗುತ್ತಿತ್ತೇ?’ ಎಂದು ಕೇಳಿದ್ದೀರಿ.

ನಿಮ್ಮ ಬೇಸರ ನ್ಯಾಯವಾದದ್ದೇ. ಕಾರಣ ಹೇಳದೆ ಹೆದರಿಸಿದರೆ ಯಾರೂ ಕಿವಿಗೊಡುವುದಿಲ್ಲ. ಈ ಸಲ ಕಾರಣವನ್ನೇ ಹೇಳುತ್ತೇನೆ.

ನೈಟ್ರಿಕ್ ಆಮ್ಲವಾಗಲಿ ಹೈಡ್ರೋಕ್ಲೋರಿಕ್ ಆಮ್ಲವಾಗಲಿ ಒಂದೊಂದೇ ಇದ್ದರೆ ಚಿನ್ನ ಕರಗುವುದಿಲ್ಲ. ಎರಡೂ ಸೇರಿದಾಗ ನೈಟ್ರಿಕ್ ಆಮ್ಲ ಚಿನ್ನದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಕ್ಲೋರೈಡ್ ಅದನ್ನು ಸುತ್ತುವರಿದು ದ್ರವದಲ್ಲೇ ಹಿಡಿದಿಡುತ್ತದೆ. ಆದರೆ ಪಕ್ಕದಲ್ಲಿ ಕರಗದ ತಾಮ್ರ ಇದ್ದರೆ ಆಟ ತಿರುಗುತ್ತದೆ. ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ತಾಮ್ರ ಚಿನ್ನಕ್ಕಿಂತ ಮುಂದು. ತಾಮ್ರ ಕರಗುತ್ತಾ ಹೋದಂತೆ ಚಿನ್ನ ಮತ್ತೆ ಲೋಹವಾಗಿ ಅದರ ಮೈಮೇಲೆ ಕೂರುತ್ತದೆ, ಇಲ್ಲವೇ ಉದುರಿ ತಳ ಸೇರುತ್ತದೆ. ನಿಮ್ಮ ಹಸಿರು ಬಣ್ಣ ಬಹುಮಟ್ಟಿಗೆ ತಾಮ್ರದ್ದು. ತಾಮ್ರ ಇನ್ನೂ ಉಳಿದಿದೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ನಿಮ್ಮ ಚಿನ್ನದ ಬಹುಪಾಲು ದ್ರವದಲ್ಲಿಲ್ಲ. ನೀವು ಕೊಳಕು ಎಂದುಕೊಂಡಿರುವ ತಳದ ಗಷ್ಟಿನಲ್ಲಿ ಮತ್ತು ಆ ತುಂಡುಗಳ ಮೇಲೆ ಇದೆ.

ಇನ್ನೊಂದು ಸಾಧ್ಯತೆಯೂ ಇದೆ. ದ್ರವದಲ್ಲಿ ನೈಟ್ರಿಕ್ ಆಮ್ಲ ಹೆಚ್ಚಾಗಿ ಉಳಿದಿದ್ದರೆ ಮೆಟಾಬೈಸಲ್ಫೈಟನ್ನು ಮೊದಲು ಅದೇ ನುಂಗಿಬಿಡುತ್ತದೆ, ಇಳಿದ ಪುಡಿಯೂ ಪುನಃ ಕರಗುತ್ತದೆ. ಜೊತೆಗೆ ಬೆಸುಗೆಯಲ್ಲಿರುವ ತವರ ನೈಟ್ರಿಕ್ ಆಮ್ಲದಲ್ಲಿ ಬಿಳಿ ಲೋಳೆಯಂತಾಗಿ ಸೋಸುವ ಕಾಗದವನ್ನು ಕಟ್ಟಿಹಾಕುತ್ತದೆ. ದ್ರವ ಸೋಸಲು ಒಂದು ರಾತ್ರಿ ಹಿಡಿಯಿತೆಂದು ಬರೆದಿದ್ದೀರಲ್ಲ, ಅದಕ್ಕೆ ಕಾರಣ ಇದೇ ಇರಬಹುದು.

1940ರಲ್ಲಿ ಜರ್ಮನ್ ಸೈನ್ಯ ಕೋಪನ್‌ಹೇಗನ್‌ಗೆ ನುಗ್ಗಿದಾಗ ನೀಲ್ಸ್ ಬೋರ್ ಸಂಸ್ಥೆಯಲ್ಲಿದ್ದ ರಸಾಯನವಿಜ್ಞಾನಿ ಜಾರ್ಜ್ ಡಿ ಹೆವೆಸಿ ಅವರು, ಸೈನಿಕರ ಕೈಗೆ ಸಿಗಬಾರದೆಂದು, ಭೌತವಿಜ್ಞಾನಿಗಳಾದ ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಅವರ ನೊಬೆಲ್ ಪದಕಗಳನ್ನು ಅಕ್ವಾ ರೀಜಿಯಾದಲ್ಲಿ ಕರಗಿಸಿ ಕಪಾಟಿನಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಅದೇ ದ್ರವದಿಂದ ಚಿನ್ನ ಇಳಿಸಿದರು, ನೊಬೆಲ್ ಪ್ರತಿಷ್ಠಾನ ಪದಕಗಳನ್ನು ಮತ್ತೆ ತಯಾರಿಸಿಕೊಟ್ಟಿತು. ಈ ಕಥೆ ಓದಿದವರಿಗೆ ಕೆಲಸ ಸಲೀಸು ಅನ್ನಿಸುತ್ತದೆ. ಆದರೆ ಹೆವೆಸಿ ಕರಗಿಸಿದ್ದು 23 ಕ್ಯಾರೆಟ್ ಚಿನ್ನ. ನಿಮ್ಮ ಬಳಿ ಇರುವುದು ಚಿನ್ನ ಸವರಿದ ತಾಮ್ರ.

ಆ ಸವರಿಕೆ ಎಷ್ಟು ತೆಳುವೆಂದು ನಾನು ಕಣ್ಣಾರೆ ಕಂಡದ್ದು ಒಂದು ಪ್ರಯೋಗಾಲಯದಲ್ಲಿ. ಹೊಗೆ ಹೀರಿಕೊಳ್ಳುವ ಗೂಡಾದ ಫ್ಯೂಮ್ ಹುಡ್‌ನ ಗಾಜಿನಾಚೆ, ಕಂಪ್ಯೂಟರಿನ ಮೆಮೊರಿ ಕಾರ್ಡಿನ (RAM) ಅಂಚಿನಿಂದ ಕತ್ತರಿಸಿದ ಹೊಳೆಯುವ ಪಟ್ಟಿಗಳನ್ನು ಬರೀ ನೈಟ್ರಿಕ್ ಆಮ್ಲದಲ್ಲಿ ಬಿಟ್ಟರು. ಅಡಿಯಲ್ಲಿದ್ದ ತಾಮ್ರ ಕರಗಿ ದ್ರವ ನೀಲಿಯಾಗುತ್ತಿದ್ದಂತೆ ಚಿನ್ನ ಈರುಳ್ಳಿಯ ಒಳಪೊರೆಯಂತೆ ಬಿಡಿಸಿಕೊಂಡು ತೇಲಿತು. ಗಾಜಿನ ಕಡ್ಡಿ ತಾಗಿದರೆ ಸಾಕು, ಹರಿಯುತ್ತಿತ್ತು. ಅದನ್ನು ಶುದ್ಧ ಮಾಡಿ ಕೊನೆಗೆ ಇಳಿಸಿದ ಪುಡಿ ಒದ್ದೆ ಮಣ್ಣಿನ ಹಾಗೆ ಕಂದಾಗಿತ್ತು. ಕುಲುಮೆಯಲ್ಲಿ ಕರಗುವವರೆಗೂ ಹೊಳಪಿರಲಿಲ್ಲ.

ಈಗ ಲೆಕ್ಕ. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಚಿನ್ನದ ಲೇಪದ ತೂಕ 1.93 ಮಿಲಿಗ್ರಾಂ. ಅಂಚಿನ ಪಟ್ಟಿಗಳ ಒಳ್ಳೆಯ ಲೇಪವೇ ಸುಮಾರು ಇಷ್ಟು ದಪ್ಪ. ಬೋರ್ಡಿನ ಮೇಲ್ಮೈಯಲ್ಲಿ ಅಲ್ಲಲ್ಲಿ ಮಿನುಗುವ ಚಿನ್ನದ ದಪ್ಪ 0.05 ಮೈಕ್ರಾನ್ ಇರಬಹುದು. ಅದರಿಂದ ಒಂದು ಗ್ರಾಂ ಸಿಗಬೇಕಾದರೆ ಒಂದು ಚದರ ಮೀಟರ್‌ಗಿಂತ ಹೆಚ್ಚು ಮೇಲ್ಮೈ ಬೇಕು. 2024ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಹಾಲೊಡಕಿನ ಪ್ರೋಟೀನಿನಿಂದ ಮಾಡಿದ ಸ್ಪಂಜಿನಲ್ಲಿ ಚಿನ್ನ ಹಿಡಿದಾಗ, 20 ಮದರ್‌ಬೋರ್ಡ್‌ಗಳಿಂದ ಸಿಕ್ಕಿದ್ದು 450 ಮಿಲಿಗ್ರಾಂ ಗಟ್ಟಿ.

ಇನ್ನು ತಾಮ್ರ. ಬೋರ್ಡಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಅದೇ. ನಿಮ್ಮ 20 ಕಿಲೋದಲ್ಲಿ ಹೆಚ್ಚುಕಡಿಮೆ 4 ಕಿಲೋ. ಅಷ್ಟನ್ನೂ ಗಾಢ ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ 15 ಕಿಲೋಗಿಂತ ಹೆಚ್ಚು ಶುದ್ಧ ಆಮ್ಲ ಖರ್ಚಾಗುತ್ತದೆ, 5 ಕಿಲೋಗಿಂತ ಹೆಚ್ಚು ನೈಟ್ರೋಜನ್ ಡೈಆಕ್ಸೈಡ್ ಏಳುತ್ತದೆ. ನೀವು ಕಂಡ ಕೆಂಗಂದು ಹೊಗೆ ಇದೇ. ‘ಸ್ವಲ್ಪ ಕೆಮ್ಮು ಬಂತು, ಹೋಯಿತು’ ಎಂದು ಬರೆದಿದ್ದೀರಿ. ಆ ಸಾಲು ಓದಿ ನನಗೆ ನಿಜಕ್ಕೂ ಭಯವಾಯಿತು. ಈ ಅನಿಲ ಉಸಿರಾಡಿದವರು ಆಗ ಚೆನ್ನಾಗಿಯೇ ಇರಬಹುದು. ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಇನ್ನೊಮ್ಮೆ ಹಾಗಾದರೆ ಕೆಮ್ಮು ನಿಂತಿತೆಂದು ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಸೈನೈಡ್ ಬಗ್ಗೆ. ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರಲ್ಲಿ ಪೇಟೆಂಟ್ ಪಡೆದ, ಸೈನೈಡ್ ದ್ರವದಲ್ಲಿ ಚಿನ್ನ ಕರಗಿಸುವ ಆ ವಿಧಾನ ಅದಿರಿನ ಗಣಿಗಳಿಗೆ ಒಗ್ಗಿತು. ಬೋರ್ಡಿನಲ್ಲಿರುವ ತಾಮ್ರ ಸೈನೈಡನ್ನೂ ತಿಂದುಹಾಕುತ್ತದೆ, ಆದ್ದರಿಂದ ನಿಮ್ಮ ತೊಂದರೆ ತಪ್ಪುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾದ ಮಾತು: ಸೈನೈಡ್ ದ್ರವ ಪ್ರಬಲ ಕ್ಷಾರವಾಗಿಯೇ ಇರಬೇಕು. ಆಮ್ಲ ಸೇರಿದರೆ ಕೊಲ್ಲುವ ಅನಿಲ ಹೊರಡುತ್ತದೆ. ಆಮ್ಲದ ಕ್ಯಾನು ಇರುವ ಕೋಣೆಗೆ ಅದು ಕಾಲಿಡಬಾರದು.

‘ದೊಡ್ಡ ಕಾರ್ಖಾನೆಗಳು ಮಾಡಿದರೆ ಸರಿ, ನಾವು ಮಾಡಿದರೆ ತಪ್ಪೇ?’ ಎಂದೂ ಕೇಳಿದ್ದೀರಿ. ಬೆಲ್ಜಿಯಂನ ಹೋಬೊಕೆನ್‌ನಲ್ಲಿ, ಸ್ವೀಡನ್ನಿನ ರೋನ್‌ಸ್ಕಾರ್‌ನಲ್ಲಿ ಬೋರ್ಡ್‌ಗಳನ್ನು ಕುಲುಮೆಗೆ ಹಾಕುತ್ತಾರೆ. ಅಲ್ಲಿ ತಾಮ್ರ ಶತ್ರುವಲ್ಲ. ಕರಗಿದ ತಾಮ್ರವೇ ಚಿನ್ನ, ಬೆಳ್ಳಿ, ಪಲ್ಲಾಡಿಯಂಗಳನ್ನು ಒಡಲಿಗೆ ಎಳೆದುಕೊಳ್ಳುತ್ತದೆ. ಆಮೇಲೆ ತಾಮ್ರವನ್ನು ಬೇರ್ಪಡಿಸಿ ಶುದ್ಧ ಮಾಡುವಾಗ ಉಳಿಯುವ ಕೆಸರಿನಲ್ಲಿ ಚಿನ್ನ ಸಿಗುತ್ತದೆ. ತಾಮ್ರವೂ ಮಾರಾಟಕ್ಕೆ ಹೋಗುತ್ತದೆ, ಹೊಗೆಯನ್ನೂ ಹಿಡಿದು ತೊಳೆಯುತ್ತಾರೆ. ನಮ್ಮ ನಿಮ್ಮ ಕೈಯಲ್ಲಿ ಅದೇ ತಾಮ್ರ ವಿಷದ ನೀರಾಗಿ ಉಳಿಯುತ್ತದೆ. ವ್ಯತ್ಯಾಸ ಇರುವುದು ಇಲ್ಲಿ, ದೊಡ್ಡವರು ಸಣ್ಣವರು ಎನ್ನುವುದರಲ್ಲಲ್ಲ.

ಉಳಿದ ಬೋರ್ಡ್‌ಗಳನ್ನು ಸುಡಬೇಡಿ, ಆಮ್ಲಕ್ಕೂ ಹಾಕಬೇಡಿ. ಬ್ಯಾಟರಿ ಕಿತ್ತು ಬೇರೆ ಇಡಿ. ಮೆಮೊರಿ ಕಾರ್ಡ್, ಪ್ರೊಸೆಸರ್, ಮದರ್‌ಬೋರ್ಡ್, ಪವರ್ ಸಪ್ಲೈ ಇವನ್ನು ಬೇರೆಬೇರೆ ಗುಡ್ಡೆ ಮಾಡಿ, ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡಿ. ಬೆರಕೆ ರಾಶಿಗಿಂತ ವಿಂಗಡಿಸಿದ ಮಾಲಿಗೆ ಬೆಲೆ ಹೆಚ್ಚು. ಕೈಕೆಲಸದ ಜಾಣ್ಮೆಗೆ ಅಲ್ಲಿ ನಿಜವಾದ ಜಾಗವಿದೆ.

ಕ್ಯಾನಿನ ವಿಷಯ ಇವತ್ತೇ ನೋಡಿ. ಮುಚ್ಚಳ ಬಿಗಿಯಾಗಿದ್ದರೆ ಒಳಗೆ ಅನಿಲ ಒತ್ತಡ ಕಟ್ಟಿಕೊಂಡಿರಬಹುದು. ಕನ್ನಡಕ, ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ನಿಂತು, ಮುಖ ದೂರವಿಟ್ಟು ನಿಧಾನವಾಗಿ ಸಡಿಲಿಸಿ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೆಟ್ಟಗೆ ನಿಲ್ಲಿಸಿ, ಒಳಗೇನಿದೆ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಚರಂಡಿಗೆ ಸುರಿಯಬೇಡಿ, ಬ್ಲೀಚ್ ಬೆರೆಸಬೇಡಿ, ಕುದಿಸಬೇಡಿ. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರನ್ನು ಕೇಳಿ. ಅವರ ಪ್ರಯೋಗಾಲಯದ ಆಮ್ಲತ್ಯಾಜ್ಯ ಯಾರ ಬಳಿಗೆ ಹೋಗುತ್ತದೋ ಅವರಿಗೇ ಇದನ್ನೂ ಒಪ್ಪಿಸಬಹುದು. ತಳದ ಗಷ್ಟು ಮತ್ತು ತುಂಡುಗಳಲ್ಲಿ ಚಿನ್ನ ಇರಬಹುದೆಂದು ಆಗಲೇ ಹೇಳಿ.

ಕ್ಯಾನು ಮನೆಯಿಂದ ಹೊರಟ ದಿನ ನನಗೊಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

— ಸಂಪಾದಕ