ಕಣ್ಣು ತೆರೆಯುವ ಮೊದಲೇ ರೆಟಿನಾದಲ್ಲಿ ಗ್ರಾಹಕಗಳೇಕೆ?
ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರದ ಸೆಮಿನಾರಿಗೆ ಸಿದ್ಧರಾಗುತ್ತಿರುವ ನೀವು, ಇಲಿಮರಿ ಇನ್ನೂ ಕಣ್ಣು ಬಿಡದಿರುವಾಗ ಅದರ ರೆಟಿನಾದಲ್ಲಿ (ಕಣ್ಣಿನ ಹಿಂಭಾಗದ, ಬೆಳಕನ್ನು ಗ್ರಹಿಸುವ ಪದರ) ಅಸಿಟೈಲ್‌ಕೋಲಿನ್ ಎಂಬ ನರಸಂದೇಶವಾಹಕವನ್ನು ಹಿಡಿಯುವ ಗ್ರಾಹಕಗಳಿಗೆ ಏನು ಕೆಲಸ ಎಂದು ಕೇಳಿದ್ದೀರಿ. ಬೀದರಿನಲ್ಲಿ ಇದೇ ವಿಷಯವನ್ನು ಪಾಠ ಮಾಡುವ ನನಗೆ ಈ ಪ್ರಶ್ನೆ ಬಹಳ ಮಹತ್ವದ್ದೆನಿಸಿತು.

ಹುಟ್ಟಿದ ಸುಮಾರು ಮೊದಲ 10 ದಿನಗಳಲ್ಲಿ ಸ್ಟಾರ್‌ಬರ್ಸ್ಟ್ ಅಮಕ್ರೈನ್ ಕೋಶಗಳು ಎಂಬ ರೆಟಿನಾದ ನರಕೋಶಗಳು ಬೆಳಕಿನ ಹಂಗಿಲ್ಲದೆ ತಾವಾಗಿಯೇ ಅಸಿಟೈಲ್‌ಕೋಲಿನ್ ಸ್ರವಿಸುತ್ತವೆ. ನೆರೆಯ ಕೋಶಗಳ ನಿಕೋಟಿನಿಕ್ ಗ್ರಾಹಕಗಳು (ಅಸಿಟೈಲ್‌ಕೋಲಿನ್ ಗ್ರಾಹಕಗಳ ಒಂದು ಬಗೆ) ಅದರಿಂದ ಪ್ರಚೋದನೆಗೊಳ್ಳುವುದರಿಂದ, ಕೆರೆಯಲ್ಲಿ ಅಲೆ ಹರಡಿದಂತೆ ವಿದ್ಯುತ್ ಚಟುವಟಿಕೆ ರೆಟಿನಾದುದ್ದಕ್ಕೂ ಸಾಗಿ, ರೆಟಿನಾದಿಂದ ಮಿದುಳಿಗೆ ಸಂಕೇತ ಒಯ್ಯುವ ಗ್ಯಾಂಗ್ಲಿಯಾನ್ ಕೋಶಗಳ ಮೂಲಕ ಮಿದುಳನ್ನು ತಲುಪುತ್ತದೆ. ಕಣ್ಣು ಮತ್ತು ಮಿದುಳಿನ ನಡುವಿನ ಜೋಡಣೆ ಸರಿಯಾಗಿ ರೂಪುಗೊಳ್ಳಲು ಈ ಅಲೆಗಳು ಬೇಕು: ಈ ಗ್ರಾಹಕದ ಬೀಟಾ-2 ಉಪಘಟಕವನ್ನು (ಅದರ ಒಂದು ಭಾಗವಾದ ಪ್ರೋಟೀನ್) ತೆಗೆದುಹಾಕಿದ ಇಲಿಗಳಲ್ಲಿ ಎಡ ಮತ್ತು ಬಲ ಕಣ್ಣುಗಳ ನರತಂತುಗಳು ಮಿದುಳಿನ ಥಲಾಮಸ್ ಭಾಗದಲ್ಲಿ ಸರಿಯಾಗಿ ಬೇರ್ಪಡುವುದಿಲ್ಲ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ನನಗೆ ಕಾಣುವುದಿಲ್ಲ, ಆದ್ದರಿಂದ ಸೆಮಿನಾರಿನಲ್ಲಿ ಇದನ್ನೇ ವಿಸ್ತರಿಸಿರಿ. ಆ ಮೊದಲ 10 ದಿನಗಳ ಆಮೇಲೆ, ಸುಮಾರು 14ನೇ ದಿನ ಕಣ್ಣು ತೆರೆಯುವವರೆಗೆ, ರೆಟಿನಾದ ಬೈಪೋಲಾರ್ ಕೋಶಗಳು ಸ್ರವಿಸುವ ಗ್ಲುಟಮೇಟ್ ಎಂಬ ಇನ್ನೊಂದು ನರಸಂದೇಶವಾಹಕ ಈ ಅಲೆಗಳನ್ನು ನಡೆಸುತ್ತದೆ.

ಗಾಬಾ ಎಂಬ ನರಸಂದೇಶವಾಹಕ ನರಕೋಶದ ಚಟುವಟಿಕೆಗೆ ಯಾವಾಗಲೂ ತಡೆಯೊಡ್ಡುತ್ತದೆ ಎಂದೂ ನೀವು ಬರೆದಿದ್ದೀರಿ. ದಯವಿಟ್ಟು ಅದನ್ನು ತಿದ್ದಿಕೊಳ್ಳಿ, ಏಕೆಂದರೆ ಎಳೆಯ ನರಕೋಶದೊಳಗೆ ಕ್ಲೋರೈಡ್ ಹೆಚ್ಚಿರುವುದರಿಂದ ಗಾಬಾ ಗ್ರಾಹಕ ತೆರೆದಾಗ ಋಣ ವಿದ್ಯುದಾವೇಶವುಳ್ಳ ಕ್ಲೋರೈಡ್ ಹೊರಹರಿದು, ಕೋಶ ಪ್ರಚೋದನೆಯತ್ತಲೇ ವಾಲುತ್ತದೆ.