ಮಯಾಮಿಯ ನಾಲೆಯಲ್ಲಿ ಪೀಕಾಕ್ ಬಾಸ್ ಹಿಡಿಯೋದು ಹೇಗೆ?

ನೀವು ಕೇಳಿದ್ದು ಎರಡು ಪ್ರಶ್ನೆ. ಡಿಸೆಂಬರ್‌ನಲ್ಲಿ ಅಮೆರಿಕದ ಫ್ಲೋರಿಡಾದ ಮಯಾಮಿಯಲ್ಲಿರುವ ಮಗಳ ಮನೆಗೆ ಬಂದಾಗ ಪೀಕಾಕ್ ಬಾಸ್ ಅನ್ನುವ ಮೀನಿಗೆ ಗಾಳ ಹಾಕಬಹುದಾ, ಎರೆಹುಳ ಸಾಕಾ ಅಂತ ಒಂದು. ನಿಮ್ಮೂರ ಕೆರೆಯಲ್ಲಿ ಜಿಲೇಬಿ ಮೀನಿನ ಕಾಟ ಜಾಸ್ತಿ, ಇದರ ಮರಿ ತಂದು ಬಿಟ್ಟರೆ ಹೇಗೆ ಅಂತ ಇನ್ನೊಂದು.

ಖಂಡಿತ ಹಿಡಿಯಬಹುದು ಸರ್. ಅಮೆಜಾನ್‌ಗೆ ಹೋಗಬೇಕಿಲ್ಲ, ದೋಣಿಯೂ ಬೇಡ. ನಾನು ಮಂಡ್ಯದ ವಿ.ಸಿ. ನಾಲೆ ಪಕ್ಕದಲ್ಲಿ ಬೆಳೆದವನು. ಇಲ್ಲಿಗೆ ಬಂದ ಮೇಲೂ ಸುತ್ತ ನಾಲೆಗಳೇ. ಮನೆಗಳ ಹಿಂದೆ, ಅಂಗಡಿ ಸಾಲಿನ ಹಿಂದೆ, ವಿಮಾನ ನಿಲ್ದಾಣದ ಪಕ್ಕ. ಸ್ನ್ಯಾಪರ್ ಕ್ರೀಕ್ ನಾಲೆ, ಟಮಾಯಾಮಿ ನಾಲೆ, ಬ್ಲ್ಯಾಕ್ ಕ್ರೀಕ್, ಎಲ್ಲದರಲ್ಲೂ ಈ ಮೀನಿದೆ. ಹೆಚ್ಚಿನ ಕಡೆ ದಡದಲ್ಲಿ ನಿಂತೇ ಗಾಳ ಎಸೆಯಬಹುದು.

ಇದು ಇಲ್ಲಿಯ ಮೀನಲ್ಲ, ದಕ್ಷಿಣ ಅಮೆರಿಕದ್ದು. ಆಫ್ರಿಕಾದ ಚುಕ್ಕೆ ಟಿಲಾಪಿಯಾ, ಅಂದರೆ ನಮ್ಮ ಜಿಲೇಬಿಯ ನೆಂಟ, ಈ ನಾಲೆಗಳಲ್ಲಿ ಮಿತಿಮೀರಿ ಬೆಳೆದಿತ್ತು. ಅದನ್ನು ತಿನ್ನಲಿ ಅಂತ 1984ರಲ್ಲಿ ಫ್ಲೋರಿಡಾ ಸರ್ಕಾರವೇ ಪೀಕಾಕ್ ಬಾಸ್ ತಂದು ಬಿಟ್ಟಿತು. ಹಳದಿ ಮೈ, ಮೂರು ಕಪ್ಪು ಪಟ್ಟೆ. ಬಾಲದ ಬುಡದಲ್ಲಿ ಚಿನ್ನದ ಅಂಚಿನ ಕಪ್ಪು ಕಣ್ಣು, ಥೇಟ್ ನವಿಲುಗರಿಯದ್ದೇ. ಬಿಸಿಲಲ್ಲಿ ನೀರಿಂದ ಮೇಲೆದ್ದಾಗ ನೋಡಬೇಕು!

ಎರೆಹುಳ ಮರೆತುಬಿಡಿ. ಬೆಂಡು ಕಟ್ಟಿ ಕಾಯುತ್ತಾ ಕೂರುವ ಮೀನೂ ಅಲ್ಲ. ಇದು ಮೀನು ತಿನ್ನುವ ಮೀನು, ಕಣ್ಣಿಂದ ಬೇಟೆಯಾಡುತ್ತದೆ. ಹಾಗಾಗಿ ಹಗಲಲ್ಲೇ ಕಚ್ಚುತ್ತದೆ, ಕತ್ತಲಾದ ಮೇಲೆ ಸುಮ್ನೆ ಕಾಯಬೇಡಿ. ಬೇಟ್ ಅಂಗಡಿಯಲ್ಲಿ ಶೈನರ್ ಅನ್ನುವ ಜೀವಂತ ಸಣ್ಣ ಮೀನು ಸಿಗುತ್ತದೆ. ಮೂರು ಇಂಚಿನದು ತೆಗೆದುಕೊಳ್ಳಿ, ಅದಕ್ಕಿಂತ ಒಳ್ಳೆಯ ಎರೆ ಇಲ್ಲ. ಮೀನಿನ ಆಕಾರದ ಲ್ಯೂರ್, ಅಂದರೆ ನಕಲಿ ಎರೆ, ಆದರೆ ಬೇಗ ಬೇಗ ಎಳೆಯಬೇಕು. ನಿಧಾನವಾದರೆ ತಿರುಗಿಯೂ ನೋಡುವುದಿಲ್ಲ. ಸೇತುವೆ ಕೆಳಗೆ, ನಾಲೆಯ ತಿರುವಿನಲ್ಲಿ, ನಾಲೆ ಮುಗಿಯುವ ತುದಿಯಲ್ಲಿ, ಬಿದ್ದ ಮರದ ನೆರಳಲ್ಲಿ ಹುಡುಕಿ. ನೀರಂಚಿಗೆ ಹೋಗುವ ಮುಂಚೆ ಮೊಸಳೆ ಇದೆಯಾ ಅಂತ ಒಮ್ಮೆ ಕಣ್ಣಾಡಿಸಿ.

ಇನ್ನು ಅದರ ಜೋರು. ಒಂದು ಕೆಜಿ ಆಸುಪಾಸಿನದೇ ಸಾಮಾನ್ಯ. ಆದರೆ ಆ ಒಂದು ಕೆಜಿ ಕೈ ನಡುಗಿಸುತ್ತದೆ. ನನ್ನ ಮೊದಲ ಮೀನು ಸ್ನ್ಯಾಪರ್ ಕ್ರೀಕ್‌ನ ಒಂದು ಸೇತುವೆ ಹತ್ತಿರ ಕಚ್ಚಿತು. ಊರಲ್ಲಿ ಜಿಲೇಬಿ ಎಳೆದ ಅಭ್ಯಾಸ ನನ್ನದು, ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಸುಲಭವಾಗಿ ಬಿಚ್ಚಿಕೊಳ್ಳಬೇಕು ಅನ್ನುವ ಬಿಗಿ) ಜೋರಾಗಿ ಬಿಗಿ ಮಾಡಿಟ್ಟಿದ್ದೆ. ಅದು ನೇರ ಸೇತುವೆಯ ಕಂಬದ ಕಡೆ ನುಗ್ಗಿತು. ಎರಡು ಸಲ ಮೇಲೆ ಹಾರಿತು, ಮತ್ತೆ ಕೆಳಗೆ ಓಡಿತು, ದಾರ ಫಟ್ ಅಂತು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಈಗ ಡ್ರ್ಯಾಗ್ ಸಡಿಲ ಇಟ್ಟು, ಮೊದಲ ಓಟ ಓಡಲು ಬಿಡುತ್ತೇನೆ. ದಡಕ್ಕೆ ಬಂತು, ಸುಸ್ತಾಯಿತು ಅಂದುಕೊಳ್ಳುವಾಗಲೇ ಇನ್ನೊಮ್ಮೆ ಓಡುತ್ತದೆ. ಅಲ್ಲೇ ಹುಷಾರಾಗಿರಬೇಕು. ಹತ್ತು-ಹನ್ನೆರಡು ಪೌಂಡ್ ಎಳೆತ ತಡೆಯುವ ದಾರ ಸಾಕು.

ಡಿಸೆಂಬರ್ ಬಗ್ಗೆ ಒಂದು ಮಾತು. ನೀರು 15-16 ಡಿಗ್ರಿಗಿಂತ ತಣ್ಣಗಾದರೆ ಈ ಮೀನು ಬದುಕುವುದಿಲ್ಲ. 2010ರ ಜನವರಿ ಚಳಿಗೆ ಇಲ್ಲಿ ರಾಶಿ ರಾಶಿ ಸತ್ತವು. ಹಾಗಾಗಿ ಬಡಗಣ ಗಾಳಿ ಬೀಸಿದ ದಿನ ಮನೆಯಲ್ಲೇ ಇರಿ. ಎರಡು ದಿನ ಬಿಸಿಲು ಬಿದ್ದ ಮೇಲೆ ಹೊರಡಿ.

ಲೈಸೆನ್ಸ್ ಬೇಕೇ ಬೇಕು. 65 ದಾಟಿದವರಿಗೆ ಬೇಡ ಅಂತ ಯಾರಾದರೂ ಹೇಳಬಹುದು, ಆ ರಿಯಾಯಿತಿ ಫ್ಲೋರಿಡಾ ನಿವಾಸಿಗಳಿಗೆ ಮಾತ್ರ. ಹೊರಗಿನವರಿಗೆ ಸಿಹಿನೀರಿನ ಲೈಸೆನ್ಸ್ ಮೂರು ದಿನಕ್ಕೆ 17 ಡಾಲರ್, ಏಳು ದಿನಕ್ಕೆ 30. ದಿನಕ್ಕೆ ಎರಡೇ ಮೀನು ಇಟ್ಟುಕೊಳ್ಳಬಹುದು, ಅದರಲ್ಲೂ 17 ಇಂಚು ಅಥವಾ ಅದಕ್ಕಿಂತ ಉದ್ದದ್ದು ಒಂದೇ. ನಾನಂತೂ ಎಲ್ಲವನ್ನೂ ವಾಪಸ್ ಬಿಡುತ್ತೇನೆ. ಬೇಸಿಗೆಯಲ್ಲಿ ಬಂದರೆ ಇನ್ನೊಂದು ನೋಡುತ್ತೀರಿ. ಗಂಡು ಹೆಣ್ಣು ಎರಡೂ ಮರಿಗಳ ಸುತ್ತ ಕಾವಲು ತಿರುಗುತ್ತವೆ, ನಮ್ಮ ಕೊರವ ಮೀನು ಮರಿ ಕಾಯುತ್ತದಲ್ಲ, ಹಾಗೆ. ಆ ಜೋಡಿಗೆ ಗಾಳ ಹಾಕಬೇಡಿ. ತಂದೆ ತಾಯಿ ದೂರವಾದ ಕ್ಷಣದಲ್ಲೇ ಬೇರೆ ಮೀನುಗಳು ಮರಿಗಳನ್ನು ನುಂಗಿಬಿಡುತ್ತವೆ.

ಎರಡನೇ ಪ್ರಶ್ನೆಗೆ ನನ್ನ ಉತ್ತರ: ಬೇಡ, ದಯವಿಟ್ಟು ಬೇಡ. ಪನಾಮಾದ ಗಾಟೂನ್ ಸರೋವರಕ್ಕೆ 1960ರ ದಶಕದ ಕೊನೆಯಲ್ಲಿ ಈ ಮೀನು ತಪ್ಪಿಸಿಕೊಂಡು ಸೇರಿತು. ಕೆಲವೇ ವರ್ಷದಲ್ಲಿ ಅಲ್ಲಿಯ ಸಣ್ಣ ಮೀನುಗಳಲ್ಲಿ ಹೆಚ್ಚಿನವು ಕಾಣದಾದವು. ಮೀನು ತಿನ್ನುವ ಹಕ್ಕಿಗಳೂ ಕಡಿಮೆಯಾದವು. 1973ರಲ್ಲೇ ವಿಜ್ಞಾನಿಗಳು ಇದನ್ನು ಬರೆದಿಟ್ಟಿದ್ದಾರೆ. ಮಯಾಮಿಯಲ್ಲಿ ಹಾಗಾಗದ ಹಾಗೆ ಚಳಿಯೇ ಬೇಲಿ ಹಾಕಿದೆ, ಉತ್ತರಕ್ಕೆ ಹೋದರೆ ಸಾಯುತ್ತದೆ. ನಮ್ಮ ಕೆರೆಗಳಿಗೆ ಆ ಬೇಲಿ ಇಲ್ಲ. ಜಿಲೇಬಿಯೂ 1952ರಲ್ಲಿ ಒಳ್ಳೆಯದಾಗಲಿ ಅಂತಲೇ ನಮ್ಮ ದೇಶಕ್ಕೆ ಬಂತು, ಈಗ ನಿಮ್ಮ ಕೆರೆಗೆ ಅದೇ ಕಾಟ. ಪೀಕಾಕ್ ಬಾಸ್ ಜಿಲೇಬಿಯನ್ನಷ್ಟೇ ಆರಿಸಿ ತಿನ್ನುವುದಿಲ್ಲ. ಗೆಂಡೆ, ಪಕ್ಕೆ, ಕೊರವದ ಮರಿ, ಬಾಯಿಗೆ ಸಿಕ್ಕಿದ್ದೆಲ್ಲ ಹೋಗುತ್ತದೆ. ಒಂದು ಕೋಡಿ ಬಿದ್ದರೆ ಮುಂದಿನ ಕೆರೆಗೂ ಇಳಿಯುತ್ತದೆ. ಅದನ್ನು ವಾಪಸ್ ಹಿಡಿದು ತೆಗೆಯಲು ಯಾರಿಂದಲೂ ಆಗುವುದಿಲ್ಲ.