ಬಿ.ಕಾಂ. ಓದಿದವರು ಎಂ.ಎಸ್.ಡಬ್ಲ್ಯೂ.ಗೆ ಅರ್ಜಿ ಹಾಕಬಹುದಾ?

ಪಾಂಡವಪುರ ತಾಲ್ಲೂಕಿನ ತಂಗಿಗೆ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಪತ್ರ ಉದ್ದವಿದೆ. ಉಳಿದ ಓದುಗರಿಗಾಗಿ ಅದರಲ್ಲಿರುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಈ ವರ್ಷ ನಿಮ್ಮ ಬಿ.ಕಾಂ. ಮುಗಿಯುತ್ತದೆ. ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮಾಡಬೇಕೆಂದು ಆಸೆ. ಅಪ್ಪ ಮಾತ್ರ ಬ್ಯಾಂಕ್ ಪರೀಕ್ಷೆ ಕಟ್ಟು ಅನ್ನುತ್ತಾರೆ. “ನಾಲ್ಕು ಜನಕ್ಕೆ ಉಪಕಾರ ಮಾಡೋಕೆ ಎರಡು ವರ್ಷ ಕಾಲೇಜಿಗೆ ಹೋಗಬೇಕಾ?” ಎಂದು ಕೇಳುತ್ತಾರೆ. ಸೋದರಮಾವ ಶಾಸಕರ ಹತ್ತಿರ ಶಿಫಾರಸು ಪತ್ರ ಕೊಡಿಸುತ್ತೇನೆ ಅಂದಿದ್ದಾರೆ. ಸಮಾಜಕಾರ್ಯವನ್ನೇ ಯಾಕೆ ಓದಬೇಕು ಎಂದು ನೀವು ಬರೆದ ಒಂದು ಪುಟವನ್ನೂ ಜೊತೆಗಿಟ್ಟು, ತಿದ್ದಿಕೊಡಿ ಎಂದು ಕೇಳಿದ್ದೀರಿ.

ಮೊದಲು ಸುಲಭದ ಪ್ರಶ್ನೆ. ಹಾಕಬಹುದು. ಎಂ.ಎಸ್.ಡಬ್ಲ್ಯೂ.ಗೆ ಬಿ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದಲ್ಲೇ ಪದವಿ, ಓದಿದವರೇ ಬರಬೇಕೆಂದೇನಿಲ್ಲ. ಸಾಮಾನ್ಯವಾಗಿ ಯಾವ ಪದವಿಯಾದರೂ ನಡೆಯುತ್ತದೆ. ಅಂಕದ ಮಿತಿ, ಪ್ರವೇಶದ ಕ್ರಮ ಇವೆಲ್ಲ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ. ಅದನ್ನು ಆ ವರ್ಷದ ಅಧಿಸೂಚನೆಯಲ್ಲೇ ಓದಿ. ಅಲ್ಲಿ ಇಲ್ಲಿ ಕೇಳಿದ್ದನ್ನು ನಂಬಬೇಡಿ.

ಈಗ ನಿಮ್ಮ ತಂದೆಯವರ ಪ್ರಶ್ನೆ. ಅದು ತಪ್ಪು ಪ್ರಶ್ನೆಯಲ್ಲ, ನೇರವಾಗಿ ಉತ್ತರ ಕೊಡಬೇಕಾದ ಪ್ರಶ್ನೆ. ಮೈಸೂರಿನ ದೊಡ್ಡಾಸ್ಪತ್ರೆಗೆ ನಿಮ್ಮ ಕಡೆಯಿಂದ ಕಬ್ಬು ಕಡಿಯುವ ಒಬ್ಬರು ಕ್ಷಯರೋಗವೆಂದು ಬಂದರು ಅಂದುಕೊಳ್ಳಿ. ಮಾತ್ರೆ ಕಡೇಪಕ್ಷ 6 ತಿಂಗಳು ತೆಗೆದುಕೊಳ್ಳಲೇಬೇಕು. ಒಂದೆರಡು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೈಗೆ ಶಕ್ತಿ ಬರುತ್ತದೆ. ಅಷ್ಟು ಹೊತ್ತಿಗೆ ಕಬ್ಬು ಅರೆಯುವ ಕಾಲ ಶುರುವಾಗಿರುತ್ತದೆ. ಅವರು ಮಾತ್ರೆ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ಮಾತ್ರೆ ಬಿಡಬೇಡಿ ಎಂದು ಡಾಕ್ಟರು ಹೇಳಿಯೇ ಇರುತ್ತಾರೆ. ಆದರೆ ಮನೆಯಲ್ಲಿ ದುಡಿಯುವವರು ಬೇರೆ ಯಾರಿದ್ದಾರೆ, ಮೇಸ್ತ್ರಿ ಹತ್ತಿರ ಮುಂಗಡ ತೆಗೆದುಕೊಂಡಿದ್ದಾರಾ, ಕಾಯಿಲೆ ವಿಷಯ ಹೆಂಡತಿಗಾದರೂ ಗೊತ್ತಾ, ಊಟಕ್ಕೆಂದು ಸರ್ಕಾರ ತಿಂಗಳಿಗೆ ಕೊಡುವ ಹಣ ಅವರ ಖಾತೆಗೆ ಬೀಳುತ್ತಿದೆಯಾ? ಆ ಹಣ ಮೊದಲು 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಇದನ್ನೆಲ್ಲ ರೋಗಿಗೆ ಅವಮಾನವಾಗದ ಹಾಗೆ ಕೇಳಿ ತಿಳಿದು, ಮೇಸ್ತ್ರಿ ಜೊತೆ, ಆಶಾ ಕಾರ್ಯಕರ್ತೆ ಜೊತೆ, ಬ್ಯಾಂಕಿನವರ ಜೊತೆ ಮಾತಾಡಿ, ಆ ಮನುಷ್ಯ 6 ತಿಂಗಳೂ ಮಾತ್ರೆ ನುಂಗುವ ಹಾಗೆ ನೋಡಿಕೊಳ್ಳುವುದು ಒಂದು ಕಸುಬು. ಒಳ್ಳೆಯ ಮನಸ್ಸಿದ್ದ ಮಾತ್ರಕ್ಕೆ ಅದು ಬರುವುದಿಲ್ಲ. ಕಲಿಯಬೇಕು, ಬೇರೆಯವರ ಕಣ್ಣೆದುರು ಮಾಡಿ ತಿದ್ದಿಸಿಕೊಳ್ಳಬೇಕು. ಎರಡು ವರ್ಷ ಅದಕ್ಕೇ.

ಹಾಗಾಗಿಯೇ ಈ ಕೋರ್ಸಿನ ಜೀವ ಇರುವುದು ಫೀಲ್ಡ್ ವರ್ಕ್‌ನಲ್ಲಿ. ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ಆಸ್ಪತ್ರೆ, ಬಾಲಮಂದಿರ, ಕೊಳೆಗೇರಿ, ಪಂಚಾಯ್ತಿ ಎಂದು ಒಂದು ಕಡೆ ಹಾಕುತ್ತಾರೆ. ಅಲ್ಲಿ ನೋಡಿದ್ದು, ಆಡಿದ್ದು, ಆಡಬಾರದಾಗಿದ್ದು ಎಲ್ಲವನ್ನೂ ಬರೆದು ಮೇಷ್ಟ್ರ ಮುಂದೆ ಕೂತು ಒಪ್ಪಿಸಬೇಕು. ಗ್ರಾಮೀಣ ಶಿಬಿರ ಬೇರೆ ಇರುತ್ತದೆ. ಯಾವ ಕಾಲೇಜಿಗೆ ಅರ್ಜಿ ಹಾಕಿದರೂ ಅಲ್ಲಿ ಈಗ ಓದುತ್ತಿರುವ ಇಬ್ಬರನ್ನು ಹುಡುಕಿ ಕೇಳಿ: ಫೀಲ್ಡ್ ವರ್ಕ್‌ಗೆ ಎಲ್ಲಿ ಹಾಕಿದರು, ಮೇಷ್ಟ್ರು ಅಲ್ಲಿಗೆ ಬಂದಿದ್ದರಾ, ಬರೆದದ್ದನ್ನು ಓದಿದರಾ? ಇದಕ್ಕೆ ಸರಿಯಾದ ಉತ್ತರ ಸಿಗದ ಕಾಲೇಜು ಎಷ್ಟೇ ದೊಡ್ಡ ಕಟ್ಟಡದಲ್ಲಿದ್ದರೂ ನಾನು ಹೋಗಿ ಎನ್ನುವುದಿಲ್ಲ.

ನಿಮ್ಮ ಪುಟಕ್ಕೆ ಬರುತ್ತೇನೆ. ನನಗೆ ಹೇಳಲು ಜಾಸ್ತಿ ಇರುವುದು ಇದರ ಬಗ್ಗೆಯೇ. ಇಂಥ ಬರಹವನ್ನು ಎಲ್ಲ ಕಡೆ ಕೇಳುವುದಿಲ್ಲ, ನಿಜ. ಆದರೆ ಸಂದರ್ಶನ ಇರುವ ಕಡೆ ಇದೇ ಪ್ರಶ್ನೆಯನ್ನು ಬಾಯಲ್ಲಿ ಕೇಳುತ್ತಾರೆ.

“ಬಾಲ್ಯದಿಂದಲೂ ದೀನದಲಿತರ ಸೇವೆ ಮಾಡುವ ಅದಮ್ಯ ಹಂಬಲ ನನ್ನಲ್ಲಿದೆ” ಎಂದು ಶುರು ಮಾಡಿದ್ದೀರಿ. ಅದನ್ನು ಹೊಡೆದುಹಾಕಿ. ಅರ್ಜಿ ಹಾಕುವ ಯಾರು ಬೇಕಾದರೂ ಇದನ್ನು ಬರೆಯಬಹುದು. ಓದಿದವರಿಗೆ ನೀವು ಯಾರೆಂದು ಗೊತ್ತಾಗುವುದಿಲ್ಲ. ಮುಂದಿನ ಎರಡು ಪ್ಯಾರಾಗಳೂ ಹಾಗೇ ಇವೆ. ಆದರೆ ನನಗೆ ಬರೆದ ಪತ್ರದ ಕೊನೆಯಲ್ಲಿ, ಆ ಪುಟದಲ್ಲಿಲ್ಲದ ಒಂದು ವಿಷಯ ಸುಮ್ನೆ ಹೇಳಿಹೋಗಿದ್ದೀರಿ. ಪಕ್ಕದ ಮನೆಯವರಿಗೆ ವಿಧವಾ ವೇತನ ಮಾಡಿಸಿಕೊಡಲು ನಾಡಕಚೇರಿಗೆ ಅಲೆದದ್ದು. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು. ಗಂಡನ ಮರಣ ಪ್ರಮಾಣಪತ್ರದಲ್ಲಿ ಮೂರನೆಯದು. ಯಾವುದನ್ನು ಮೊದಲು ತಿದ್ದಿಸಬೇಕು ಎಂದು ಕೌಂಟರಿನಲ್ಲಿ ಯಾರೂ ಹೇಳಲಿಲ್ಲ. ನೀವು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಯಾವ ಕಾಗದಕ್ಕೆ ಯಾವ ಕಾಗದ ಬೇಕು ಎಂದು ಬರೆದುಕೊಂಡು ಒಂದೊಂದಾಗಿ ಮಾಡಿಸಿದಿರಿ. ಕೊನೆಗೆ ಹಣ ಬಂತು. ಆಮೇಲೆ ಒಂದು ಸಾಲು: “ಮಗ ಕುಡಿಯುತ್ತಾನೆ, ಅದಕ್ಕೇ ಪಾಸ್‌ಬುಕ್ ನಾನೇ ಇಟ್ಟುಕೊಂಡಿದ್ದೇನೆ.”

ನಿಮ್ಮ ಪುಟ ಇಲ್ಲಿಂದ ಶುರುವಾಗಬೇಕು. ನೋಟ್‌ಬುಕ್ಕಿನ ಆ ಗೆರೆಗಳನ್ನು ಬರೆಯಿರಿ. ಯಾವ ಕಾಗದ ಎಲ್ಲಿ ಸಿಕ್ಕಿಕೊಂಡಿತು ಎಂದು ಬರೆಯಿರಿ. ಲೆಕ್ಕ ಓದಿದ ಹುಡುಗಿ ಅದನ್ನು ಬಿಡಿಸಿದ್ದು ಅದರಲ್ಲೇ ಕಾಣುತ್ತದೆ. ಬಿ.ಕಾಂ. ಓದಿಬಿಟ್ಟೆ ಎಂಬ ಅಳುಕಿಗೆ ಬೇರೆ ಉತ್ತರ ಬೇಕಾಗಿಲ್ಲ.

ಪಾಸ್‌ಬುಕ್ಕಿನ ಸಾಲನ್ನು ಮಾತ್ರ ಮುಚ್ಚಿಡಬೇಡಿ. ಸಂದರ್ಶನದಲ್ಲಿ ಕೂತವರು ಹಿಡಿಯುವುದೇ ಅದನ್ನು. ಪಾಸ್‌ಬುಕ್ ನಿಮ್ಮ ಹತ್ತಿರ ಇರಲಿ ಎಂದು ಆ ತಾಯಿ ಹೇಳಿದ್ದರಾ, ನೀವೇ ತೀರ್ಮಾನ ಮಾಡಿದಿರಾ? ಹಣ ಅವರದು. ಮಗನಿಗೆ ಒಂದು ಪಾಲು ಕೊಟ್ಟು ಮನೆಯಲ್ಲಿ ನೆಮ್ಮದಿಯಾಗಿರುವುದೇ ಅವರಿಗೆ ಬೇಕಿದ್ದರೆ? ನಿಮ್ಮ ಕಾಳಜಿ ಮೇಲೆ ನನಗೆ ಅನುಮಾನ ಇಲ್ಲ. ಆದರೆ ಒಬ್ಬರ ಬದುಕಿನ ತೀರ್ಮಾನವನ್ನು ಅವರ ಒಳ್ಳೆಯದಕ್ಕೇ ಆದರೂ ನಾವು ತೆಗೆದುಕೊಳ್ಳಬಹುದಾ ಅನ್ನುವುದು ಈ ಕಸುಬಿನ ಮೊದಲ ಪಾಠಗಳಲ್ಲಿ ಒಂದು. ಇದು ನನಗೆ ಇನ್ನೂ ಬಗೆಹರಿದಿಲ್ಲ, ಇದನ್ನೇ ಕಲಿಯಲು ಬರುತ್ತಿದ್ದೇನೆ ಎಂದು ಬರೆಯಿರಿ. ಮನಸ್ಸಿನಲ್ಲಿ ನಿಜವಾಗಿ ಹಾಗೆ ಅನಿಸಿದರೆ ಮಾತ್ರ. ಬರೆಯುವ ಮುಂಚೆ ಹೋಗಿ ಅವರನ್ನೇ ಕೇಳಿ. ಅವರ ಹೆಸರು, ಬೀದಿ ಹಾಕಬೇಡಿ, ಕುಡಿಯುವ ಮಗ ಯಾರ ಮಗನೆಂದು ಗುರುತಾಗುವ ಹಾಗೆ ಏನನ್ನೂ ಬರೆಯಬೇಡಿ. ನಾನೂ ಇಲ್ಲಿ ಕೆಲವು ವಿವರ ಬದಲಾಯಿಸಿದ್ದೇನೆ.

ಕನ್ನಡದಲ್ಲೇ ಮೊದಲು ಬರೆಯಿರಿ. ಇಂಗ್ಲಿಷ್ ಬೇಕಾದ ಕಡೆ ನೀವೇ ಇಂಗ್ಲಿಷಿಗೆ ತನ್ನಿ, ವ್ಯಾಕರಣ ಮಾತ್ರ ಯಾರಿಂದಲಾದರೂ ನೋಡಿಸಿ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ಮಾದರಿ ಮುಟ್ಟಬೇಡಿ.

ಶಾಸಕರ ಪತ್ರ ಬೇಡ. ಅವರು ನೀವು ಕೆಲಸ ಮಾಡಿದ್ದನ್ನು ನೋಡಿಲ್ಲ. ನೀವು ಎನ್.ಎಸ್.ಎಸ್.ನಲ್ಲಿ ಇದ್ದವರು. ವರ್ಷಕ್ಕೆ 120 ಗಂಟೆ ಕೆಲಸ, 7 ದಿನದ ಶಿಬಿರ, ಎಲ್ಲವನ್ನೂ ಕಣ್ಣಾರೆ ಕಂಡ ಕಾರ್ಯಕ್ರಮಾಧಿಕಾರಿ ನಿಮ್ಮ ಕಾಲೇಜಿನಲ್ಲೇ ಇದ್ದಾರೆ. ಅವರನ್ನು ಕೇಳಿ. ಮಾವನಿಗೆ ಬೇಜಾರಾಗದ ಹಾಗೆ ಹೇಳುವುದು ನಿಮಗೆ ಬಿಟ್ಟದ್ದು.

ಎಲ್ಲಿಗೆ ಹಾಕಬೇಕು ಎಂದು ಕೇಳಿದ್ದೀರಿ. ನಿಮಗೆ ಹತ್ತಿರದ್ದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಸಮಾಜಕಾರ್ಯ ವಿಭಾಗ. ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ 1960ರಿಂದ ಇದೆ. ದೂರ ಹೋಗುವ ಧೈರ್ಯವಿದ್ದರೆ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೂ ಹಾಕಿ. ಈ ದೇಶದಲ್ಲಿ ಸಮಾಜಕಾರ್ಯದ ಪಾಠ ಶುರುವಾಗಿದ್ದು ಅಲ್ಲಿ, 1936ರಲ್ಲಿ. ಅಲ್ಲಿಗೆ ಈಗ ಸಿ.ಯು.ಇ.ಟಿ.-ಪಿ.ಜಿ. ಎಂಬ ಪ್ರವೇಶ ಪರೀಕ್ಷೆಯನ್ನು ಕಂಪ್ಯೂಟರ್‌ನಲ್ಲಿ ಬರೆಯಬೇಕು. ಈಚಿನ ವರ್ಷಗಳಲ್ಲಿ ಅದು ಮಾರ್ಚ್ ಹೊತ್ತಿಗೆ ನಡೆದಿದೆ. ಡಿಸೆಂಬರ್‌ನಿಂದಲೇ ಅಧಿಸೂಚನೆ ಬಂತಾ ಎಂದು ನೋಡುತ್ತಿರಿ. ಪದವಿಯ ಫಲಿತಾಂಶ ಬರಲಿ ಎಂದು ಕಾದರೆ ಅಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ.

ಕೆಲಸದ ಬಗ್ಗೆ ತಂದೆಯವರಿಗೆ ಇರುವ ಚಿಂತೆ ನ್ಯಾಯವಾದದ್ದು. ಮಕ್ಕಳ ರಕ್ಷಣಾ ಘಟಕ, ಎಚ್.ಐ.ವಿ. ಆಪ್ತಸಮಾಲೋಚನೆ ಇಂಥ ಕಡೆ ಎಂ.ಎಸ್.ಡಬ್ಲ್ಯೂ. ಆದವರನ್ನು ತೆಗೆದುಕೊಳ್ಳುತ್ತಾರೆ. ಆದರೆ ಬಹಳಷ್ಟು ಗುತ್ತಿಗೆ ಕೆಲಸ, ಸಂಬಳ ಕಮ್ಮಿ. ಕಾರ್ಖಾನೆ ಕಡೆ ಸಂಬಳ ವಾಸಿ. 500 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ನಂಜನಗೂಡಿನ ಕಾರ್ಖಾನೆಗಳಲ್ಲಿ ಕೆಲಸ ಹುಡುಕುವವರು ಮಾನವ ಸಂಪನ್ಮೂಲ ವಿಷಯ ಆರಿಸಿಕೊಳ್ಳುತ್ತಾರೆ. ಮಾನಸಿಕ ಆರೋಗ್ಯದ ಕಡೆ ಹೋಗುವ ಮನಸ್ಸಿದೆ ಎಂದಿದ್ದೀರಿ. ಅದಕ್ಕೆ ಎಂ.ಎಸ್.ಡಬ್ಲ್ಯೂ. ಒಂದೇ ಸಾಲದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ ಅನ್ನಿಸಿಕೊಳ್ಳಲು ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು. ಇದನ್ನು ಮನೆಯಲ್ಲಿ ಈಗಲೇ ಹೇಳಿಬಿಡಿ.

ಖರ್ಚಿನ ವಿಷಯ. ಮೈಸೂರಿಗೆ ಓಡಾಡಿಕೊಂಡೇ ಓದಬಹುದು. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಇಲ್ಲ. ಆದರೆ ಫೀಲ್ಡ್ ವರ್ಕ್ ದಿನ ಮನೆಗೆ ಬರುವಾಗ ಕತ್ತಲಾಗುತ್ತದೆ, ಸಾಧ್ಯವಾದರೆ ಹಾಸ್ಟೆಲ್‌ಗೆ ಅರ್ಜಿ ಹಾಕಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್.ಎಸ್.ಪಿ. ಪೋರ್ಟಲ್ ಇದೆ. ಅದಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಯ ದಾರಿ ನಿಮಗೆ ಗೊತ್ತೇ ಇದೆ. ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ನಿಮ್ಮ ಹೆಸರು ಒಂದೇ ಥರ ಇದೆಯಾ ನೋಡಿಕೊಂಡು, ಆ ಪ್ರಮಾಣಪತ್ರಗಳಿಗೆ ಈ ವಾರವೇ ಅರ್ಜಿ ಕೊಡಿ.

– ಸಂಪಾದಕರು